ದಿನಾಂಕವಿಲ್ಲದ ಮೀಸಲಾತಿ

ನಾರಿ ಶಕ್ತಿ ವಂದನ ಅಧಿನಿಯಮಕ್ಕೆ ಅದರ ಯೋಗ್ಯತೆಗೆ ಮೀರಿದ ಹೊಗಳಿಕೆ ಸಿಕ್ಕಿದೆ. 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯ 454 ಸದಸ್ಯರು ಅದರ ಪರ ಮತ ಹಾಕಿದರು, ವಿರೋಧಿಸಿದವರು ಇಬ್ಬರೇ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಸ್ಥಾನ ಮಹಿಳೆಯರಿಗೆ ಎಂಬ ತತ್ವಕ್ಕೆ ನನ್ನ ತಕರಾರಿಲ್ಲ. ಬಾಗಲಕೋಟೆ ಜಿಲ್ಲೆಗಂತೂ ಅದು ಬೇಕೇ ಬೇಕು. ತೇರದಾಳದಿಂದ ಉಮಾಶ್ರೀ ಗೆದ್ದು ಸಚಿವೆಯಾದದ್ದು 2013ರಲ್ಲಿ. 2023ರಲ್ಲಿ ಬಾದಾಮಿ, ಹುನಗುಂದ ಸೇರಿ ಏಳೂ ಕ್ಷೇತ್ರಗಳಲ್ಲಿ ಗೆದ್ದವರು ಗಂಡಸರೇ.

ತಕರಾರಿರುವುದು ಈ ಕಾಯ್ದೆ ಸಂವಿಧಾನಕ್ಕೆ ಸೇರಿಸಿದ 334ಎ ವಿಧಿಯ ಮೊದಲ ವಾಕ್ಯದ ಮೇಲೆ. ಅಂಗೀಕಾರವಾದ ರೂಪದಲ್ಲಿ ಅದು ಹೇಳುವುದಿಷ್ಟು: ಕಾಯ್ದೆ ಜಾರಿಯಾದ ಮೇಲೆ ಜನಗಣತಿ ನಡೆಯಬೇಕು, ಅಂಕಿಅಂಶ ಪ್ರಕಟವಾಗಬೇಕು, ಕ್ಷೇತ್ರ ಮರುವಿಂಗಡಣೆಯಾಗಬೇಕು, ಆಮೇಲೆ ಮೀಸಲಾತಿ. ಯಾವುದಕ್ಕೂ ಗಡುವಿಲ್ಲ. ಮುಗಿಯುವುದಕ್ಕೆ ಮಾತ್ರ ಹದಿನೈದು ವರ್ಷದ ಲೆಕ್ಕವಿದೆ. ಅದನ್ನು ಎಲ್ಲಿಂದ ಎಣಿಸಬೇಕು? ಆ ವಾಕ್ಯದಲ್ಲಿ ಹೆಸರಿಸಿರುವುದು ಕಾಯ್ದೆಯ ಆರಂಭವನ್ನೇ. ಹಾಗೆ ಓದಿದರೆ ಒಬ್ಬ ಹೆಣ್ಣುಮಗಳೂ ಮೀಸಲು ಕ್ಷೇತ್ರದಲ್ಲಿ ನಾಮಪತ್ರ ಸಲ್ಲಿಸುವ ಮೊದಲೇ ವರ್ಷಗಳು ಖರ್ಚಾಗತೊಡಗುತ್ತವೆ. ಸಂಸತ್ತು ಅವಧಿ ವಿಸ್ತರಿಸಬಹುದು, ನಿಜ. ಆದರೆ 2010ರಲ್ಲಿ ರಾಜ್ಯಸಭೆ ಒಪ್ಪಿದ್ದ ಮಸೂದೆಯಲ್ಲಿ ಜನಗಣತಿಯ ಈ ಷರತ್ತೇ ಇರಲಿಲ್ಲ. ಆಮೇಲೆ ಬೇಕೆಂದೇ ಸೇರಿಸಿದ್ದು.

ಕರ್ನಾಟಕಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿತ್ತು. ಪಂಚಾಯತ್ ಸಚಿವರಾಗಿದ್ದ ನಜೀರ್ ಸಾಬ್ ಅವರ ಕಾಲದ ಪಂಚಾಯತ್ ಕಾಯ್ದೆ ಮಹಿಳೆಯರಿಗೆ ಶೇಕಡಾ 25 ಸ್ಥಾನ ಕೊಟ್ಟಿತು. 1987ರಲ್ಲಿ ಚುನಾವಣೆ ನಡೆದು ಅವರು ಸಭೆಗೆ ಬಂದು ಕೂತರು.

‘ಹೆಂಡತಿ ಸದಸ್ಯೆ, ಗಂಡನದೇ ದರ್ಬಾರು’ ಎಂದು ಅಂದಿನಿಂದ ಬರೆಯುತ್ತಿರುವ ವಿಮರ್ಶಕರನ್ನು ನಾನು ಒಪ್ಪಲಾರೆ. ಗಂಡ ಕುರ್ಚಿ ಎಳೆದುಕೊಂಡು ಕೂರುವ ಪಂಚಾಯ್ತಿಗಳಿವೆ. ಠರಾವು ಓದಿ ಹೇಳುವ ತನಕ ಸಹಿ ಹಾಕದ, ಕ್ರಿಯಾಯೋಜನೆಯಲ್ಲಿ ನಮ್ಮ ಓಣಿಯ ಗಟಾರ ಎಲ್ಲಿದೆ ಎಂದು ಪಿಡಿಒನನ್ನು ನಿಲ್ಲಿಸಿ ಕೇಳುವ ಸದಸ್ಯೆಯರೂ ಇದ್ದಾರೆ. ಅಂಥ ಸದಸ್ಯೆ ಇಷ್ಟು ಕಲಿಯುವ ಹೊತ್ತಿಗೆ ವಾರ್ಡಿನ ಮೀಸಲು ಬದಲಾಗಿರುವುದೂ ಉಂಟು. ಅದರ ಬಗ್ಗೆ ಈ ವಿಮರ್ಶಕರು ಚಕಾರ ಎತ್ತುವುದಿಲ್ಲ. ಅಪ್ಪನ ಕ್ಷೇತ್ರದಲ್ಲಿ ಗೆದ್ದ ಮಗನನ್ನು ಅಪ್ಪನ ನೆರಳು ಎಂದು ಅವರು ಕರೆದದ್ದನ್ನೂ ನಾನು ಓದಿಲ್ಲ.

ಅವರು ಬರೆಯಬೇಕಾಗಿದ್ದ ಸಂಗತಿ ಬೇರೆಯೇ ಇತ್ತು. ರಾಜ್ಯದ ಜಿಲ್ಲಾ ಪಂಚಾಯತ್‌ಗಳಲ್ಲಿ 2010ರ ತಿದ್ದುಪಡಿಯಿಂದ ಅರ್ಧ ಸ್ಥಾನ ಮಹಿಳೆಯರದು. 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಗಳದೇ ಕಾರಭಾರ. 2019ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತ ವೀಣಾ ಕಾಶಪ್ಪನವರ ಜಿಲ್ಲಾ ಪಂಚಾಯತ್ ಅಧ್ಯಕ್ಷೆಯಾಗಿದ್ದವರು. ಇಳಕಲ್ಲಿನ ಮಗ್ಗದ ಮನೆಯಿಂದ, ಬಾದಾಮಿಯ ಹಳ್ಳಿಯಿಂದ ಹೊರಡುವ ಮುಂದಿನ ಹೆಣ್ಣುಮಗಳು ಆ ಅನುಭವವನ್ನು ಎಲ್ಲಿ ಪಡೆಯಬೇಕು ಎಂಬುದಕ್ಕೆ 334ಎ ವಿಧಿಯಲ್ಲೂ ಉತ್ತರವಿಲ್ಲ, ಬೆಂಗಳೂರಿನಲ್ಲೂ ಇಲ್ಲ.