ಬಹುಮಾನ ಬಂದ ಟಿಟ್ಟಿಭ

ಎರಡು ವರ್ಷಗಳ ಹಿಂದೆ ಮೂಡುಬಿದಿರೆಯ ಹತ್ತಿರ ನಡೆದ ಒಂದು ಛಾಯಾಚಿತ್ರ ಸ್ಪರ್ಧೆಗೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ಗದ್ದೆ, ಕೆರೆ, ಹೊಳೆಯ ಬದಿಯ ಹಕ್ಕಿಗಳು ಎಂಬುದು ವಿಷಯ. ಕನ್ನಡ ಪಾಠ ಮಾಡುವವಳಿಗೂ ಕ್ಯಾಮರಾಕ್ಕೂ ಏನು ಸಂಬಂಧ ಎಂದು ಕೇಳಿದೆ. "ಚಂದ ಯಾವುದೆಂದು ಹೇಳಿದರೆ ಸಾಕು ಟೀಚರ್" ಎಂದರು. ಅಷ್ಟೇ ತಾನೆ ಎಂದು ಒಪ್ಪಿಕೊಂಡೆ. ಮಕ್ಕಳ ಉತ್ತರಪತ್ರಿಕೆಗೆ ಮರುಮೌಲ್ಯಮಾಪನ ಎಂಬುದೊಂದು ಇದೆಯಲ್ಲ, ನಾನೀಗ ಮಾಡಹೊರಟಿರುವುದು ಅದನ್ನೇ.

ಮೊದಲ ಬಹುಮಾನ ಕೊಟ್ಟದ್ದು ಒಂದು ಟಿಟ್ಟಿಭಕ್ಕೆ. ರೆಕ್ಕೆ ಪೂರ್ತಿ ಬಿಚ್ಚಿ, ಕೊಕ್ಕು ತೆರೆದು, ನೇರ ನಮ್ಮ ಮುಖಕ್ಕೇ ಹಾರಿ ಬರುವಂತಿತ್ತು. ಕಣ್ಣಿನ ಮುಂದಿನ ಕೆಂಪು ತೊಗಲು ಕುಂಕುಮದಷ್ಟು ಸ್ಪಷ್ಟ. ಹಿಂದೆ ಹಸುರು ಬಣ್ಣ ಕಲಸಿ ಬಿಟ್ಟಂತೆ ಮಸುಕು. ಎರಡನೆಯದು ರಂಗನತಿಟ್ಟಿನ ಬಣ್ಣದ ಕೊಕ್ಕರೆ. ಬೆಳ್ಳಕ್ಕಿಗಳಂತೂ ಹತ್ತಾರಿದ್ದವು, ಹೆಚ್ಚಿನವು ನಡುಹಗಲಿನ ಬಿಸಿಲಿನಲ್ಲಿ ತೆಗೆದದ್ದು. ಬಿಳಿಯ ಮೇಲೆ ಬಿಸಿಲು ಬಿದ್ದು ಗರಿ ಯಾವುದು, ಸುಣ್ಣ ಬಳಿದ ಗೋಡೆ ಯಾವುದು ಎಂದು ತಿಳಿಯುತ್ತಿರಲಿಲ್ಲ.

ಮರುದಿನ ಮಕ್ಕಳನ್ನು ಪ್ರದರ್ಶನಕ್ಕೆ ಕರೆದುಕೊಂಡು ಹೋದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಟಿಟ್ಟಿಭದ ಮುಂದೆ ನಿಂತು, "ಟೀಚರ್, ಇದು ಬೈತಾ ಉಂಟಲ್ಲ, ಯಾರಿಗೆ?" ಎಂದಳು.

ಉತ್ತರ ನನ್ನಲ್ಲಿರಲಿಲ್ಲ. ಚಿತ್ರ ತೆಗೆದ ಹುಡುಗನನ್ನೇ ಕೇಳಿದೆ. ಅವನು ಮುಚ್ಚುಮರೆಯಿಲ್ಲದೆ ಹೇಳಿದ: "ಅಲ್ಲಿ ಮೊಟ್ಟೆ ಇತ್ತು ಟೀಚರ್. ಹತ್ತಿರ ಹೋದರೆ ಅದೇ ಮೇಲೆ ಬರ್ತದೆ. ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ."

ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬಯಲಿನ ಕಲ್ಲುಮಣ್ಣಿನ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನದೇ ಬಣ್ಣ, ತುಳಿದರೂ ತಿಳಿಯದು. ಬೇಸಗೆಯಲ್ಲಿ ಹೊಟ್ಟೆಯ ಗರಿಯನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುವುದೂ ಉಂಟು. ಹಾಗಿರುವಾಗ ಒಳ್ಳೆಯ ಚಿತ್ರ ಸಿಗುವವರೆಗೆ ನಾವು ಅಲ್ಲಿ ನಿಂತರೆ ಆ ಮೊಟ್ಟೆಗಳ ಗತಿ ಏನು? ಪಂಚತಂತ್ರದಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಕೊಂಡುಹೋಗುವ ಕತೆಯನ್ನು ಎಷ್ಟು ವರ್ಷ ಪಾಠ ಮಾಡಿದ್ದೇನೋ! ಹುಡುಗನಿಗೆ ನಾನು ಬೈಯಲಿಲ್ಲ. ಬಹುಮಾನ ಕೊಟ್ಟವಳು ನಾನು.

ರಂಗನತಿಟ್ಟಿನ ಚಿತ್ರದ ಮಾತು ಬೇರೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗವದು. ಅಲ್ಲಿಯ ಹಕ್ಕಿಗಳಿಗೆ ದೋಣಿ ಎಂದರೆ ನಮಗೆ ಬಸ್ಸಿದ್ದ ಹಾಗೆ. ಮದ್ದೂರು ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಮರದಲ್ಲೇ ಅವು ಮರಿ ಮಾಡುತ್ತವೆ. ಅಲ್ಲಿ ಹತ್ತಿರದ ಚಿತ್ರ ಸಿಕ್ಕಿದರೆ ಅದರ ಶ್ರೇಯ ಕಾಪಾಡಿದ ಊರಿಗೂ ಸಲ್ಲಬೇಕು. ನಮ್ಮ ಬಂಟ್ವಾಳದ ಗದ್ದೆಯ ಗೊರವವನ್ನು ಅದರ ಪಕ್ಕದಲ್ಲಿಟ್ಟು ಅಂಕ ಹಾಕುವುದು ಸರಿಯಲ್ಲ. ದೂರದ ಉತ್ತರ ದೇಶಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುವ ಗೊರವಗಳಿವೆ. ಒಂದು ಹೆಜ್ಜೆ ನೇರ ಅದರತ್ತ ಇಟ್ಟರೆ ಕಿರುಚಿ ಹಾರುತ್ತದೆ, ಜೊತೆಯವನ್ನೂ ಹಾರಿಸುತ್ತದೆ. ಬೆಳಕು ಹರಿಯುವ ಮೊದಲೇ ಹೋಗಿ, ಬದುವಿನ ಮರೆಯಲ್ಲಿ ಮೊಣಕೈ ಊರಿ, ಅದು ತಾನಾಗಿ ಮೇಯುತ್ತ ಹತ್ತಿರ ಬರುವವರೆಗೆ ಕಾಯಬೇಕು. ಸೊಳ್ಳೆಗೂ ಕೈ ಎತ್ತುವಂತಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಅಂಥವರು ಫಿಲ್ಮಿನ ಕಾಲದಲ್ಲಿ ತೆಗೆದ ಚಿತ್ರಗಳನ್ನು ನೋಡುವಾಗ ನನಗೆ ಹೊಳೆಯುವುದು ಈ ಕಾಯುವಿಕೆ. ಒಂದು ರೋಲಿಗೆ ಹೆಚ್ಚೆಂದರೆ 36 ಚಿತ್ರ. ಈಗಿನಂತೆ ಗುಂಡಿ ಒತ್ತಿ ಹಿಡಿದರೆ ನೂರು ಬರುತ್ತಿರಲಿಲ್ಲ.

ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯಲ್ಲಿದ್ದುಕೊಂಡು ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ಅಲೆದವರು. ಅವರು ತೀರಿಕೊಂಡದ್ದು 2007ರಲ್ಲಿ. ಅವರ 'ಹಕ್ಕಿಪುಕ್ಕ' ಓದಿದ ಮೇಲೆ ಹೆಸರು ಹಿಡಿದು ಹಕ್ಕಿ ನೋಡುವ ಚಟ ನನಗೆ ಹತ್ತಿದ್ದು. ಓದಿಯೂ ಟಿಟ್ಟಿಭದ ಬೈಗುಳ ಕಾಣಲಿಲ್ಲವಲ್ಲ!

ಇನ್ನೊಂದು ಚಿತ್ರ ಮೂಲೆಯಲ್ಲಿತ್ತು. ಅದಕ್ಕೆ ಸಮಾಧಾನಕರ ಬಹುಮಾನವನ್ನೂ ನಾನು ಕೊಟ್ಟಿರಲಿಲ್ಲ. ಸ್ವಲ್ಪ ವಾಲಿದ ಚಿತ್ರ, ಮಂಕು ಬೆಳಕು. ಏಣೆಲು ಕೊಯ್ದ ಗದ್ದೆಯ ಕೂಳೆ, ನಡುವೆ ಅಂಗೈಯಗಲ ನೀರು. ತುಂಬ ಹೊತ್ತು ನೋಡಿದರೆ ನೀರಿನ ಅಂಚಿನಲ್ಲಿ ಒಂದು ಗೊರವ. ತಲೆ ತಗ್ಗಿಸಿ ಕೆಸರು ಕುಕ್ಕುತ್ತಿದೆ. ಚಿತ್ರ ತೆಗೆದವರು ಇದ್ದಾರೆಂಬುದೇ ಅದಕ್ಕೆ ತಿಳಿದ ಹಾಗಿಲ್ಲ. ಬಹುಮಾನದ ಚಿತ್ರದಲ್ಲಿ ಮಸುಕಾಗಿ ಹೋದ ನೆಲ ಇಲ್ಲಿ ಪೂರ್ತಿ ಇತ್ತು. ಗದ್ದೆಯ ಆಚೆ ಬದಿಯಲ್ಲಿ ಸಾಲಾಗಿ ನೆಟ್ಟ ಅಡಿಕೆ ಸಸಿಗಳೂ ಇದ್ದವು.

ಬೆಳ್ತಂಗಡಿ ತಾಲೂಕಿನ ನನ್ನ ತವರಿನಲ್ಲಿ ಉಳುವ ಕೋಣಗಳ ಹಿಂದೆ ಬೆಳ್ಳಕ್ಕಿ ಸಾಲುಗಟ್ಟುತ್ತಿದ್ದ ಬೈಲು ಈಗ ಅಡಿಕೆ ತೋಟ. ಅಣ್ಣನನ್ನು ದೂರಲಾರೆ. ಆಳು ಸಿಗದೆ, ಭತ್ತಕ್ಕೆ ಹಾಕಿದ್ದು ಹುಟ್ಟದೆ ಅವನು ಗದ್ದೆ ಬಿಟ್ಟ. ಅಡಿಕೆಯ ದುಡ್ಡಿನಲ್ಲಿ ನನ್ನ ಮಗಳ ಮದುವೆಗೂ ನೆರವಾದ.

ಆ ಮೂಲೆಯ ಚಿತ್ರದ ಪ್ರತಿಯೊಂದನ್ನು ಕೇಳಿ ಪಡೆದು ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ತೂಗುಹಾಕಿದ್ದೇನೆ. ಬಂದವರು ನೋಡುತ್ತಾರೆ. ಗೊರವ ಅವರ ಕಣ್ಣಿಗೆ ಬೀಳುವುದಿಲ್ಲ. "ಸಸಿ ಲಾಯಕ್ಕುಂಟು, ಮಂಗಳ ತಳಿಯಾ?" ಎಂದು ಕೇಳುತ್ತಾರೆ.