ಪ್ಲೈವುಡ್ಡಿನ ಹಿಂದೆ ಏನಿದೆ?

ಕ್ಯಾಂಪರ್ ವಾಹನಗಳನ್ನು ಹೊಗಳುವ ಬರಹಗಳಿಗೂ ವಿಡಿಯೊಗಳಿಗೂ ನಮ್ಮಲ್ಲಿ ಒಂದು ಸಿದ್ಧ ಅಚ್ಚು ಬಿದ್ದುಹೋಗಿದೆ. 2022ರಲ್ಲಿ ಮಹೀಂದ್ರಾ ಕಂಪನಿ ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ ಎಂಬ ಸಂಸ್ಥೆಯ ಜೊತೆ ಸೇರಿ ಬೊಲೆರೊ ಪಿಕಪ್ ಮೇಲೆ ಮನೆ ಕಟ್ಟುವುದಾಗಿ ಪ್ರಕಟಿಸಿದಾಗ ಸುದ್ದಿಯಾದದ್ದು ನಾಲ್ಕು ಜನರ ಹಾಸಿಗೆ, ಬಯೊ ಟಾಯ್ಲೆಟ್ಟು, ಶವರ್, ಫ್ರಿಜ್ಜು, ಟಿವಿ. ಅಲ್ಲಿಂದಾಚೆಗೆ ಯಾರು ಬರೆದರೂ ಇದೇ ಪಟ್ಟಿ. ಯಲಹಂಕ, ಹೆಬ್ಬಾಳದ ಆಸುಪಾಸಿನ ಶೆಡ್ಡುಗಳಲ್ಲಿ ಟೆಂಪೊ ಟ್ರಾವೆಲರ್‌ಗೋ ಪಿಕಪ್‌ಗೋ ಒಳಮನೆ ಕಟ್ಟಿಸಿಕೊಂಡವರ ಕೆಲಸವನ್ನು ಅಳೆಯುವುದೂ ಇದೇ ಪಟ್ಟಿಯಿಂದಲೇ. ಮೈಕಾ ಯಾವುದು, ಲೈಟು ಎಷ್ಟು ಬಣ್ಣದ್ದು, ಮೇಜು ಮಡಿಚಿದರೆ ಮಂಚವಾಗುತ್ತದೆಯೇ. ಇಂಥ ಗಾಡಿಯಲ್ಲಿ ಚಳಿಗಾಲದ ಒಂದು ರಾತ್ರಿ ಮಲಗಿ ಎದ್ದು ಬರೆದ ವಿಮರ್ಶೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ಗಾಡಿಗಳ ಯಜಮಾನರು ನಂದಿ ಬೆಟ್ಟಕ್ಕೆ ಮಾತ್ರ ಹೋಗುವವರಲ್ಲ. ಹೆಬ್ಬಾಳದ ಮೇಲುಸೇತುವೆ ಇಳಿದು ಯಲಹಂಕದ ಕಡೆ ಹೊರಟರೆ ಸಿಗುವ ರಾಷ್ಟ್ರೀಯ ಹೆದ್ದಾರಿ 44 ಇಡೀ ದೇಶವನ್ನು ಹಾಯ್ದು ಶ್ರೀನಗರಕ್ಕೇ ಹೋಗಿ ಮುಟ್ಟುತ್ತದೆ. ಕಟ್ಟಿಸುವಾಗ ಎಲ್ಲರ ಬಾಯಲ್ಲೂ ಲಡಾಖ್, ಸ್ಪಿತಿ. ಅಂಥ ಊರುಗಳ ಚಳಿಗೆ ಮಾಮೂಲಿ ಡೀಸೆಲ್ ಹೆಪ್ಪುಗಟ್ಟುತ್ತದೆಂದು ಇಂಡಿಯನ್ ಆಯಿಲ್ 2019ರಲ್ಲಿ ಲಡಾಖಿಗೆಂದೇ ಬೇರೆ ಡೀಸೆಲ್ ಬಿಡುಗಡೆ ಮಾಡಿತು. ಎಂಜಿನ್ನಿನ ಚಳಿಯ ಬಗ್ಗೆ ಅಷ್ಟು ಯೋಚನೆ ನಡೆದ ದೇಶದಲ್ಲಿ ಒಳಗೆ ಮಲಗುವ ಮನುಷ್ಯನ ಚಳಿಯನ್ನು ಒಂದು ಹೀಟರ್ ಇಟ್ಟು ಮುಗಿಸಿಬಿಟ್ಟಿದ್ದೇವೆ.

ನನ್ನ ತಕರಾರು ಹೀಟರ್ ಬಗ್ಗೆ ಅಲ್ಲ. ಗೋಡೆಯ ಬಗ್ಗೆ. ಒಂದು ಕ್ಯಾಂಪರಿನ ಒಳಾಂಗಣ ಚಳಿಗೆ ತಕ್ಕುದೋ ಅಲ್ಲವೋ ಎಂಬುದು ತಗಡಿಗೂ ಪ್ಲೈವುಡ್ಡಿಗೂ ನಡುವಿನ ಒಂದೆರಡು ಅಂಗುಲದಲ್ಲಿ ತೀರ್ಮಾನವಾಗುತ್ತದೆ. ಆ ಜಾಗ ಫೋಟೊಕ್ಕೆ ಸಿಗುವುದಿಲ್ಲ, ಆದ್ದರಿಂದ ವಿಮರ್ಶೆಗೂ ಸಿಕ್ಕಿಲ್ಲ.

ಲೆಕ್ಕ ಸರಳ. ಮಲಗಿದ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರಿಗೂ ಮೀರಿದ ನೀರು. ಒಳಗಿನ ಜಾಗ 12 ಘನ ಮೀಟರ್ ಎಂದುಕೊಳ್ಳಿ. 20 ಡಿಗ್ರಿಯ ಗಾಳಿ ಘನ ಮೀಟರಿಗೆ ಹೆಚ್ಚೆಂದರೆ 17 ಗ್ರಾಂ ತೇವ ಹಿಡಿದುಕೊಳ್ಳಬಲ್ಲದು. ಅಂದರೆ ಇಡೀ ಗಾಡಿಯ ಗಾಳಿ ತುಂಬಿ ತುಳುಕಿದರೂ ಹಿಡಿಯುವುದು 200 ಗ್ರಾಂ ಚಿಲ್ಲರೆ. 5 ಡಿಗ್ರಿಗೆ ಇಳಿದರೆ ಅದೇ ಘನ ಮೀಟರ್ 7 ಗ್ರಾಂ ಕೂಡ ಹಿಡಿಯದು. ಮಿಕ್ಕ ನೀರು ಎಲ್ಲಿಗೆ ಹೋಗಬೇಕು? ಸಿಕ್ಕ ತಣ್ಣನೆಯ ಮೈಗೆ ಹೋಗಿ ಅಂಟಿಕೊಳ್ಳುತ್ತದೆ. ಮೊದಲು ಗಾಜಿಗೆ, ಅದು ಕಾಣಿಸುತ್ತದೆ, ಬಟ್ಟೆಯಲ್ಲಿ ಒರೆಸಬಹುದು. ಆಮೇಲೆ ಪ್ಲೈವುಡ್ಡಿನ ಸಂದುಗೊಂದುಗಳಲ್ಲಿ ನುಸುಳಿ ಹಿಂದಿನ ತಗಡಿಗೆ. ಅದು ಕಾಣಿಸುವುದಿಲ್ಲ.

ದೊಡ್ಡಬಳ್ಳಾಪುರ ರಸ್ತೆಯ ಕಡೆಯ ಶೆಡ್ಡೊಂದರಲ್ಲಿ ಅಂಥ ಗೋಡೆಯೊಂದನ್ನು ಬಿಚ್ಚುವುದನ್ನು ನಿಂತು ನೋಡಿದ್ದೇನೆ. ಮುಂಭಾಗದಲ್ಲಿ ಹಾಲಿನ ಬಣ್ಣದ ಮೈಕಾ, ಒಂದು ಗೀರಿಲ್ಲ. ಸ್ಕ್ರೂ ಬಿಚ್ಚಿ ಹಲಗೆ ಎಳೆದರೆ ಹಿಂಬದಿಯ ತುಂಬ ಕಪ್ಪು ಬೂಷ್ಟಿನ ಚುಕ್ಕೆ. ಚುಕ್ಕೆಗಳು ಎಲ್ಲೆಂದರಲ್ಲಿ ಇರಲಿಲ್ಲ. ಗಾಡಿಯ ಉಕ್ಕಿನ ಪಟ್ಟಿಗಳು ಹಾದುಹೋಗುವ ಕಡೆ ಮಾತ್ರ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ಪಟ್ಟಿಗಳ ನಡುವಿನ ಖಾನೆಗಳಿಗೆ ಗಾಜಿನ ಉಣ್ಣೆ ತುಂಬಿದ್ದರು, ಪಟ್ಟಿಯ ಮೇಲೆ ಏನೂ ಇರಲಿಲ್ಲ, ಪ್ಲೈಯನ್ನು ನೇರವಾಗಿ ಅದಕ್ಕೇ ಸ್ಕ್ರೂ ಹೊಡೆದಿದ್ದರು. ಖಾನೆಯ ತಳಕ್ಕೆ ಕೈ ಹಾಕಿದರೆ ಉಣ್ಣೆ ಒದ್ದೆ ಮುದ್ದೆಯಾಗಿ ಜಾರಿ ಕೂತಿತ್ತು. ಮೇಲಿನ ಅರ್ಧ ಖಾನೆ ಖಾಲಿ. ಸ್ಕ್ರೂಗಳ ತಲೆ ಮುಂದೆ ಹೊಳೆಯುತ್ತಿತ್ತು, ಮೊನೆ ತುಕ್ಕು ಹಿಡಿದಿತ್ತು.

ಆ ಕಪ್ಪು ಗೆರೆ ಎಲ್ಲವನ್ನೂ ಹೇಳುತ್ತದೆ. ಉಕ್ಕು ಶಾಖವನ್ನು ಸಾಗಿಸುವ ವೇಗ ಪ್ಲೈವುಡ್ಡಿನದಕ್ಕಿಂತ ನೂರಾರು ಪಟ್ಟು ಹೆಚ್ಚು, ಫೋಮಿನದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಖಾನೆಗಳಿಗೆ ಎಷ್ಟೇ ಒಳ್ಳೆಯ ಮಾಲು ತುಂಬಿ, ಪಟ್ಟಿಯನ್ನು ಬರಿದೇ ಬಿಟ್ಟರೆ ಹೊರಗಿನ ಚಳಿ ಅದೇ ದಾರಿಯಲ್ಲಿ ಒಳಗೆ ಬರುತ್ತದೆ, ಒಳಗಿನ ತೇವ ಅಲ್ಲೇ ಹೋಗಿ ನೀರಾಗುತ್ತದೆ. ಪರಿಹಾರ ದುಬಾರಿಯದೇನಲ್ಲ: ನೀರು ಹೀರದ, ಮುಚ್ಚಿದ ರಂಧ್ರಗಳ ಫೋಮನ್ನು ತಗಡಿಗೆ ನಡುವೆ ಗಾಳಿ ಉಳಿಯದಂತೆ ಪೂರ್ತಿ ಅಂಟಿಸುವುದು, ಪಟ್ಟಿಗಳ ಮೇಲೂ ತೆಳುವಾಗಿಯಾದರೂ ಹಾಸುವುದು, ಆಮೇಲೆ ಪ್ಲೈ. ಇದಕ್ಕೆ ಬೇಕಾದ್ದು ಎರಡು ದಿನದ ಹೆಚ್ಚುವರಿ ಕೂಲಿ ಮತ್ತು ಯಾರೂ ನೋಡದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಮನಸ್ಸು.

ಇನ್ನು ಆ ಬೆಳ್ಳಿ ಹಾಳೆ. ಗುಳ್ಳೆಗುಳ್ಳೆಯ ಅಲ್ಯುಮಿನಿಯಂ ಫಾಯಿಲ್ಲನ್ನು ಗಾಡಿಯ ಒಳಗೆಲ್ಲ ಹೊದಿಸಿ, ‘ಫುಲ್ ಇನ್ಸುಲೇಶನ್’ ಎಂದು ತೋರಿಸುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಹೊಳೆಯುವ ಹಾಳೆ ಶಾಖವನ್ನು ಹಿಂದಕ್ಕೆ ಕಳಿಸಬೇಕಾದರೆ ಅದರ ಮುಂದೆ ಖಾಲಿ ಜಾಗ ಬೇಕು. ತಗಡಿಗೂ ಪ್ಲೈಗೂ ನಡುವೆ ಒತ್ತಿ ಸಿಕ್ಕಿಸಿದರೆ ಅದು ಕೆಲವೇ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕು, ಅಷ್ಟೇ. ಇದನ್ನು ಶ್ಲಾಘಿಸಿ ಬರೆದವರು ಒಮ್ಮೆಯಾದರೂ ಚಳಿಯ ಬೆಳಿಗ್ಗೆ ಆ ಗೋಡೆಗೆ ಅಂಗೈ ಒತ್ತಿ ನೋಡಬೇಕಿತ್ತು.

ಇಲ್ಲಿ ಒಂದು ವಾದ ಎದುರಾಗುತ್ತದೆ. ಬೆಂಗಳೂರಿಗೆ ಚಳಿ ಎಲ್ಲಿದೆ, ನಮ್ಮ ಗಾಡಿಗಳಿಗೆ ಎಸಿ ಸಾಕು, ಇದೆಲ್ಲ ಯುರೋಪಿನವರ ಚಿಂತೆ ಎಂದು ಬಲ್ಲವರೇ ಬರೆದಿದ್ದಾರೆ. ಒಪ್ಪುವುದಿಲ್ಲ. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ, ಅದನ್ನು ಬಿಡಿ, ಅಪರೂಪದ್ದು. ಡಿಸೆಂಬರ್, ಜನವರಿಯಲ್ಲಿ ಯಲಹಂಕದಿಂದ ದೇವನಹಳ್ಳಿಯತ್ತ ಬಯಲಲ್ಲಿ ರಾತ್ರಿ 12, 13 ಡಿಗ್ರಿಗೆ ಇಳಿಯುವುದು ಯಾರಿಗೂ ಹೊಸದಲ್ಲ. ಮೋಡವಿಲ್ಲದ ರಾತ್ರಿ ತಗಡಿನ ಸೂರು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ; ಬೀದಿಯಲ್ಲಿ ನಿಂತ ಕಾರಿನ ಮೇಲೆ ಇಬ್ಬನಿ ಕೂರುವುದು ಇದರಿಂದಲೇ. ಒಳಗಿನ ಗಾಳಿ 18 ಡಿಗ್ರಿ, ತೇವಾಂಶ ಶೇಕಡಾ 70 ಇದ್ದರೆ 12 ಡಿಗ್ರಿಯ ಆಸುಪಾಸಿನಲ್ಲಿ ತಗಡು ಬೆವರುತ್ತದೆ. ಅಂದರೆ ನಂದಿಯ ಬುಡದಲ್ಲಿ, ಚಿಕ್ಕಮಗಳೂರಿನ ತೋಟದ ಅಂಚಿನಲ್ಲಿ ಗಾಡಿ ನಿಲ್ಲಿಸಿದವರಿಗೂ ಇದೇ ತೊಂದರೆ. ಕೊರೆಯುವ ಚಳಿ ಇಲ್ಲದ್ದರಿಂದ ನಮಗೆ ಇದು ತಡವಾಗಿ ತಿಳಿಯುತ್ತದೆ, ಬೂಷ್ಟಿನ ವಾಸನೆಯ ಮೂಲಕ.

ಇದಕ್ಕಿಂತ ಅಪಾಯದ ವಾದ ಇನ್ನೊಂದಿದೆ: ಸಂದಿಯನ್ನೆಲ್ಲ ಮುಚ್ಚಿ, ಒಳಗೆ ಗ್ಯಾಸ್ ಒಲೆ ಹಚ್ಚಿದರೆ ಬೆಚ್ಚಗಾಗುತ್ತದೆ ಎನ್ನುವುದು. ಒಂದು ಕಿಲೊ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೊಗೂ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ಬೆಚ್ಚಗಾದ ಮೇಲೆ ತೊಯ್ಯುವುದು ಖಚಿತ. ಅದು ಚಿಕ್ಕ ಮಾತು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಏಳಗೊಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಿ ಸತ್ತವರ ಸುದ್ದಿ ಪ್ರತಿ ಚಳಿಗಾಲ ಓದುತ್ತೇವೆ; ಗಾಡಿ ಆ ಕೋಣೆಗಿಂತ ಚಿಕ್ಕದು. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುವ ಡೀಸೆಲ್ ಹೀಟರ್ ಸರಿಯಾದ ಸಾಧನ, ಅದೂ ಎತ್ತರದ ತೆಳುಗಾಳಿಗೆ ಹೊಂದಿಸಿದ್ದರೆ. ಇಲ್ಲದಿದ್ದರೆ ಮಸಿ ಕಟ್ಟುತ್ತದೆ. ಅದಿದ್ದರೂ ಸೂರಿನಲ್ಲಿ ಒಂದು, ಕೆಳಗೆ ಒಂದು ಗಾಳಿದಾರಿ ತೆರೆದಿರಲೇಬೇಕು. ‘ಒಂದು ಚೂರೂ ಗಾಳಿ ಬರುವುದಿಲ್ಲ’ ಎಂದು ಮೆಚ್ಚಿ ಬರೆಯುವವರು ದಯವಿಟ್ಟು ಬರೆಯುವುದನ್ನು ನಿಲ್ಲಿಸಬೇಕು.

ಹಾಗಾದರೆ ಒಳ್ಳೆಯ ಕೆಲಸ ಎಲ್ಲಿದೆ? ನನ್ನ ಉತ್ತರ ಅನೇಕರಿಗೆ ಹಿಡಿಸಲಿಕ್ಕಿಲ್ಲ. ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್ಲಿನಲ್ಲಿ ಒಂದು ಕಾಲಕ್ಕೆ ಸಾಲುಗಟ್ಟಿ ನಿಲ್ಲುತ್ತಿದ್ದ ಲಾರಿಗಳ ಕ್ಯಾಬಿನ್ನಿನಲ್ಲಿತ್ತು. ಕಂಪನಿಯಿಂದ ಬರೀ ಛಾಸಿ ತಂದು, ಬಾಡಿ ಕಟ್ಟುವವರ ಹತ್ತಿರ ಕ್ಯಾಬಿನ್ ಕಟ್ಟಿಸುತ್ತಿದ್ದ ದಿನಗಳವು. ಚೌಕಟ್ಟು ಮರದ್ದು, ಅದರ ಹೊರಗೆ ತಗಡು, ಒಳಗೆ ಪ್ಲೈ, ಪ್ಲೈ ಮೇಲೆ ರೆಕ್ಸಿನ್. ಮರ ಶಾಖವನ್ನು ಸಾಗಿಸುವುದು ಉಕ್ಕಿನ ಮುನ್ನೂರನೇ ಒಂದು ಪಾಲಿನಷ್ಟು ಮಾತ್ರ. ಇಂದಿನ ಕ್ಯಾಂಪರಿನ ಕಪ್ಪು ಗೆರೆ ಬೀಳುವ ಜಾಗದಲ್ಲೇ ಆ ಬಡಗಿ ಮರ ಇಟ್ಟಿದ್ದ. ಹಿಂಬದಿಯ ಬೆಂಚಿಗೆ ಗಾದಿ, ಅದರ ಮೇಲೆ ಕಂಬಳಿ, ಅಡ್ಡಕ್ಕೆ ದಪ್ಪ ಪರದೆ. ಪರದೆ ಎಳೆದರೆ ಬೆಚ್ಚಗಿಡಬೇಕಾದ ಜಾಗ ಅರ್ಧಕ್ಕರ್ಧ ಇಳಿಯುತ್ತದೆ, ತಣ್ಣನೆಯ ದೊಡ್ಡ ಗಾಜು ಆಚೆಗುಳಿಯುತ್ತದೆ. ಮಲಗುವ ಮುಂಚೆ ಡ್ರೈವರ್ ಪಕ್ಕದ ಗಾಜನ್ನು ಎರಡು ಬೆರಳಿನಷ್ಟು ಇಳಿಸಿ ಸಂದಿಗೆ ಬಟ್ಟೆ ತುರುಕುತ್ತಿದ್ದ. ತೇವ ಹೊರಗೆ ಹೋಗುತ್ತಿತ್ತು, ಗಾಳಿ ಮುಖಕ್ಕೆ ಹೊಡೆಯುತ್ತಿರಲಿಲ್ಲ. ಈ ಜ್ಞಾನವನ್ನು ವಿನ್ಯಾಸವೆಂದು ಕರೆದವರು ಯಾರಿದ್ದಾರೆ? ಲಾರಿಯ ಕಲೆ ಎಂದರೆ ನಮ್ಮ ಬರಹಗಾರರಿಗೆ ಹಿಂದಿನ ಹಲಗೆಯ ಚಿತ್ರ ಮತ್ತು ಬರಹ ಮಾತ್ರ.

ಆ ಕ್ಯಾಬಿನ್ನುಗಳು ಅಪಘಾತದಲ್ಲಿ ಪುಡಿಯಾಗುತ್ತಿದ್ದವು ಎಂಬುದು ನಿಜ. ಕ್ಯಾಬಿನ್ನಿನ ಗಟ್ಟಿತನಕ್ಕೆ ಕಾನೂನಿನ ಮಾನದಂಡ ಬಂದದ್ದು ಸರಿಯಾಗಿಯೇ ಆಯಿತು. ಮರದ ಕ್ಯಾಬಿನ್ ಮರಳಿ ಬರಲಿ ಎಂದು ಯಾರೂ ಕೇಳಬಾರದು. ಆದರೆ ಮರದ ಜೊತೆಗೆ ಆ ತಿಳಿವಳಿಕೆಯನ್ನೂ ಎಸೆದುಬಿಟ್ಟೆವು. ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದ 2023ರ ಡಿಸೆಂಬರಿನ ಅಧಿಸೂಚನೆಯನ್ನು, 2025ರಲ್ಲಿ ಅದು ಜಾರಿಯಾದಾಗಲೂ, ಡ್ರೈವರುಗಳ ಕಷ್ಟ ತೀರಿತೆಂದು ಕೊಂಡಾಡಿದವರಿಗೆ ಒಂದು ಪ್ರಶ್ನೆ: ಈ ಎಸಿಯೂ ಕ್ಯಾಬಿನ್ನಿನ ಬಿಸಿಗಾಳಿಯೂ ಎಂಜಿನ್ ಓಡುವಾಗ ಸಿಗುವಂಥವು, ಮಲಗುವಾಗ ಎಂಜಿನ್ ನಿಂತಿರುತ್ತದಲ್ಲ? ದೆಹಲಿ, ಜಮ್ಮುವಿನ ಕಡೆಗೆ ಲೋಡು ಹೊತ್ತು ಹೋಗುವ ನಮ್ಮೂರಿನ ಡ್ರೈವರ್ ಜನವರಿಯ ರಾತ್ರಿ ಮಲಗುವುದು ಇಂದಿಗೂ ಕಂಬಳಿಯನ್ನು ನಂಬಿಯೇ.

ಎಲ್ಲ ಶೆಡ್ಡುಗಳೂ ಒಂದೇ ರೀತಿ ಇಲ್ಲ. ಕಿಟಕಿಗೆ ಎರಡು ಪದರದ ಅಕ್ರಿಲಿಕ್ ಹಾಕುವವರು, ಚಳಿಯಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಆಗಬಾರದೆಂದು ಅದನ್ನು ಮಂಚದ ಕೆಳಗೆ ಬೆಚ್ಚಗಿಡುವವರು ಇದ್ದಾರೆ. ಅವರಿಗೆ ಹೆಸರು ಬಂದಿಲ್ಲ, ಏಕೆಂದರೆ ಅವರ ಗಾಡಿ ಫೋಟೊದಲ್ಲಿ ಮಂಕಾಗಿ ಕಾಣುತ್ತದೆ. ಹೆಸರು ಬಂದಿರುವುದು ಒಳಗೆ ಹೋಟೆಲ್ ಕೋಣೆ ಕಟ್ಟಿದವರಿಗೆ. ಚಳಿಗೆ ಮಾಡಿದ್ದೆಂದು ಮಾರುವ ಗಾಡಿಯಾಗಿ ನೋಡಿದರೆ ಆ ಹೆಸರಿಗೆ ಅವರು ಅರ್ಹರಲ್ಲ.

ಗಾಡಿ ಕಟ್ಟಿಸಲು ಹೊರಟವರಲ್ಲಿ ನನ್ನ ಕೋರಿಕೆ ಇಷ್ಟೇ. ಮೈಕಾ ಆರಿಸಲು ಹೋಗುವ ದಿನ ತಪ್ಪಿದರೂ ತಪ್ಪಲಿ, ಪ್ಲೈ ಹೊಡೆಯುವ ಹಿಂದಿನ ದಿನ ಶೆಡ್ಡಿಗೆ ಹೋಗಿ. ಪಟ್ಟಿಗಳ ಮೇಲೆ ಫೋಮ್ ಇದೆಯೇ, ಸೂರಿನ ಗಾಳಿದಾರಿ ತೆರೆಯುತ್ತದೆಯೇ, ಹೀಟರಿನ ಹೊಗೆ ಕೊಳವೆ ಗಾಡಿಯ ಅಡಿಯಿಂದ ಪೂರ್ತಿ ಹೊರಗೆ ಬಂದಿದೆಯೇ ಎಂದು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಮಂಚದ ತಲೆಭಾಗಕ್ಕೆ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಹಾಕದೆ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತರಬೇಡಿ.