ಪಾಪವೂ ಅಪರಾಧವೂ: ಡೆವ್ಲಿನ್ ವಾದದ ಪರಿಶೀಲನೆ

ವಯಸ್ಕ ಪುರುಷರು ಸಮ್ಮತಿಯಿಂದ ಏಕಾಂತದಲ್ಲಿ ನಡೆಸುವ ಸಲಿಂಗ ಸಂಬಂಧವು ದಂಡನೀಯವಾಗಬಾರದೆಂದು 1957ರಲ್ಲಿ ವುಲ್ಫೆಂಡನ್ ಸಮಿತಿಯು ಬ್ರಿಟಿಷ್ ಸರಕಾರಕ್ಕೆ ಶಿಫಾರಸು ಮಾಡಿತು. ಆ ವರದಿಯ ತತ್ತ್ವವನ್ನು ವಿರೋಧಿಸಿ ನ್ಯಾಯಮೂರ್ತಿ ಪ್ಯಾಟ್ರಿಕ್ ಡೆವ್ಲಿನ್ 1959ರಲ್ಲಿ ನೀಡಿದ ಉಪನ್ಯಾಸವು, 1965ರ ‘ದಿ ಎನ್‌ಫೋರ್ಸ್‌ಮೆಂಟ್ ಆಫ್ ಮಾರಲ್ಸ್’ ಗ್ರಂಥದ ಮೊದಲ ಅಧ್ಯಾಯವಾಯಿತು. ನಮ್ಮಲ್ಲಿ ಅನೇಕರು ಇದನ್ನು ಸಭೆಯ ಪರವಾದ ವಕಾಲತ್ತೆಂದೇ ಓದುತ್ತಾರೆ. ನಮಗೆ ಹಾಗೆ ತೋರುವುದಿಲ್ಲ.

ಸಮಾನ ನೈತಿಕ ನಂಬಿಕೆಗಳಿಲ್ಲದೆ ಸಮಾಜವು ನಿಲ್ಲಲಾರದು. ಆದಕಾರಣ ರಾಜದ್ರೋಹದಿಂದ ಹೇಗೋ ಹಾಗೆ ಅನೀತಿಯಿಂದಲೂ ತನ್ನನ್ನು ರಕ್ಷಿಸಿಕೊಳ್ಳುವ ಹಕ್ಕು ಅದಕ್ಕುಂಟು ಎಂಬುದು ಡೆವ್ಲಿನ್ ಅವರ ವಾದ. ಇದರಲ್ಲಿ ಬಲವಿಲ್ಲದಿಲ್ಲ. ಆದರೆ ಆ ನೀತಿಯನ್ನು ಅರಿಯುವುದೆಂತು? ಮತವಿಶ್ವಾಸವನ್ನು ಪ್ರಜೆಗಳ ಮನಸ್ಸಾಕ್ಷಿಗೆ ಬಿಟ್ಟ ರಾಜ್ಯವು ಕ್ರೈಸ್ತ ನೀತಿಯನ್ನು ಅದು ಕ್ರೈಸ್ತವೆಂಬ ಕಾರಣಕ್ಕೇ ಹೇರುವಂತಿಲ್ಲವೆಂದು ಅವರೇ ಒಪ್ಪುತ್ತಾರೆ. ಉಳಿಯುವುದು ಜ್ಯೂರಿಯಲ್ಲಿ ಕುಳಿತ ಸಾಮಾನ್ಯ ಮನುಷ್ಯನ ಅಸಹನೆ, ಕೋಪ, ಜುಗುಪ್ಸೆ. ಆ ಜುಗುಪ್ಸೆಯು ನ್ಯಾಯವೋ ಅನ್ಯಾಯವೋ ಎಂದು ವಿಚಾರಿಸುವ ಮಾನದಂಡ ಗ್ರಂಥದಲ್ಲೆಲ್ಲೂ ಇಲ್ಲ. ದಲಿತನೊಬ್ಬನು ಊರಬಾವಿಯ ನೀರು ಸೇದಿದಾಗ ಊರಿಗೆ ಹುಟ್ಟಿದ್ದೂ ಜುಗುಪ್ಸೆಯೇ, ಕೋಪವೇ. ನಮ್ಮ ಸಭೆಗಳಲ್ಲಿ ಬಹುಮಂದಿಯ ಪೂರ್ವಿಕರು ಅದನ್ನು ಉಂಡವರು. ಭಾರತದ ಸಭೆಯು ಈ ಅಳತೆಗೋಲನ್ನು ಕೈಗೆತ್ತಿಕೊಳ್ಳುವ ಮುನ್ನ ಅದು ಯಾರ ಕೈಯಲ್ಲಿ ಇರುವುದೆಂದು ನೋಡಬೇಕು.

ರೂಢಿಯ ನೀತಿಯನ್ನೇ ವಿಮರ್ಶೆಗೆ ಒಳಪಡಿಸುವ ನೀತಿಯೊಂದುಂಟೆಂದು ಎಚ್. ಎಲ್. ಎ. ಹಾರ್ಟ್ 1963ರಲ್ಲಿ ತೋರಿಸಿದ್ದು ಸರಿಯಾಗಿಯೇ ಇದೆ. ಆದರೂ ‘ಹಾನಿ’ಯೆಂಬ ಪದವು ತಾನಾಗಿ ಅರ್ಥ ಕೊಡದು, ಮನುಷ್ಯನೆಂದರೆ ಏನೆಂದು ಹೇಳದೆ ಅವನಿಗೆ ಯಾವುದು ಹಾನಿಯೆಂದು ಹೇಳಲಾಗದು.

ಸಂತ ತೋಮಸ್ ಅಕ್ವಿನಾಸ್ ಇವರಿಬ್ಬರಿಗಿಂತ ಜಾಗರೂಕರು. ಮಾನವ ಕಾನೂನು ಗುಣಪೂರ್ಣರಲ್ಲದ ಬಹುಜನರಿಗಾಗಿ ರಚಿತವಾದುದರಿಂದ ಅದು ಎಲ್ಲ ದುರ್ಗುಣಗಳನ್ನೂ ನಿಷೇಧಿಸದೆ, ಘೋರವಾದವನ್ನು, ಮುಖ್ಯವಾಗಿ ಪರರಿಗೆ ಹಾನಿಕರವಾದವನ್ನು ನಿಷೇಧಿಸುತ್ತದೆ ಎನ್ನುತ್ತಾರೆ. (‘ಮುಖ್ಯವಾಗಿ’ ಎಂಬುದನ್ನು ಮರೆತು ಅವರನ್ನು ಹಾರ್ಟರ ಪೂರ್ವಜರನ್ನಾಗಿ ಮಾಡುವುದೂ ತಪ್ಪು.) ಈ ವಿವೇಕವೇ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜೆಫ್ರಿ ಫಿಷರ್ ಅವರಲ್ಲೂ ಕಾಣುತ್ತದೆ: ಆ ಕೃತ್ಯವನ್ನು ಪಾಪವೆಂದು ನಂಬಿಯೂ ಅವರು ವುಲ್ಫೆಂಡನ್ ಶಿಫಾರಸನ್ನು ಬೆಂಬಲಿಸಿದರು. 2018ರಲ್ಲಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ 377ನೆಯ ಕಲಮಿನ ವಿಚಾರಣೆ ನಡೆದಾಗ ಶಿಕ್ಷೆ ಉಳಿಯಲೆಂದು ವಾದಿಸಿದ ಕ್ರೈಸ್ತ ಸಂಘಟನೆಗಳಲ್ಲಿ ಈ ವಿವೇಕ ನಮಗೆ ಕಾಣಲಿಲ್ಲ.

ಕೊರಿಂಥದಲ್ಲಿ ತಂದೆಯ ಹೆಂಡತಿಯನ್ನು ಇಟ್ಟುಕೊಂಡವನ ವಿಷಯವನ್ನು ಪೌಲನು ರೋಮನ್ ಅಧಿಪತಿಗೆ ಒಪ್ಪಿಸಲಿಲ್ಲ, ಸಭೆಗೇ ಒಪ್ಪಿಸಿದನು. ಹೊರಗಿನವರ ತೀರ್ಪನ್ನು ದೇವರಿಗೆ ಬಿಟ್ಟನು. ಆ ಶಿಸ್ತು ಕಠಿಣವೇ ಆಗಿತ್ತು. ಆದರೆ ಕಡೆಗೆ ಆ ಮನುಷ್ಯನ ಆತ್ಮವು ಉಳಿಯಲೆಂಬುದೇ ಅದರ ಉದ್ದೇಶವಾಗಿತ್ತು.